ಹಾವು ಕಣ್ಣಿಗೆ ಬಿದ್ದಾಗ



ಮಂದವಾದ ಬೆಳಕಿನಲ್ಲಿ ಬಿದ್ದಿರುವ ಹಗ್ಗವನ್ನು ಹಾವೆಂದು ಭ್ರಮಿಸಿ ನಡುಗುವವನ ದೃಷ್ಟಾಂತವನ್ನು ನಮ್ಮ ವೇದಾಂತಿಗಳು ಬಹುಕಾಲದಿಂದ ಹೇಳುತ್ತ ಬಂದಿರುವರು. ದೀಪ ತಂದೊಡನೆ ಹಾವು ಮಾಯವಾಗಿ ಹಗ್ಗ ಉಳಿಯುವುದು. ಈ ದಿನ ನಾವು ಮಾತನಾಡಬೇಕೆಂದಿರುವುದು ಇದಕ್ಕೆ ವಿಪರೀತವಾದ ಸಂಗತಿಯನ್ನು ಕುರಿತು. ಹಾವನ್ನು ಹಗ್ಗವೆಂದು ತಿಳಿದು ಕೈಚಾಚುವ ಮಗು, ಕತ್ತಲಲ್ಲಿ ಕುಳ್ಳಿನ ರಾಶಿಗೆ ಕೈಹಾಕುವ ಗೃಹಿಣಿ, ರಾತ್ರಿ ನೀರು ತಿರುವಲು ಬರಿಗಾಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವ ರೈತ, ಇವರ ಪಾಲಿಗೆ ದೀಪ ಬರುವುದು ತಡವಾದರೆ ಕೊನೆಯಲ್ಲಿ ಉಳಿಯುವುದು ಹಗ್ಗವಲ್ಲ, ದುಃಖ. ಆದಕಾರಣ ಹಾವು ಕಂಡಾಗ ನಡೆದುಕೊಳ್ಳಬೇಕಾದ ರೀತಿ ಯಾವುದು, ಕಾಣುವುದಕ್ಕೆ ಮೊದಲೇ ಮಾಡಬೇಕಾದುದೇನು, ಕಚ್ಚಿದರೆ ಕಳೆಯಬಾರದ ಕಾಲವೆಷ್ಟು ಎಂಬುದನ್ನು ಕೆಲವು ನಿಮಿಷಗಳ ಮಟ್ಟಿಗೆ ಆಲೋಚಿಸೋಣ.

ನಮ್ಮದು ಎಡೆದೊರೆಯ ನಾಡು. ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ; ನಡುವೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಎರೆಭೂಮಿ ಮತ್ತು ಕಲ್ಲುಗುಡ್ಡಗಳು. ಒಂದು ಕಾಲಕ್ಕೆ ಮಳೆಯನ್ನೇ ನಂಬಿ ಜೋಳ, ಹತ್ತಿ, ತೊಗರಿಗಳನ್ನು ಬೆಳೆಯುತ್ತಿದ್ದ ಸೀಮೆ ಇದು. 1945ರಲ್ಲಿ ಅಂದಿನ ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು ಕೂಡಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಲಾರಂಭಿಸಿದುವು. 1953ರಲ್ಲಿ ಆ ಕಾರ್ಯ ಪೂರ್ಣವಾಯಿತು. ಎಡದಂಡೆಯ ಕಾಲುವೆ ಸಿಂಧನೂರಿನ ಸೀಮೆಗೆ ಬತ್ತವನ್ನು ತಂದಿತು. ನೀರಿನ ಹಿಂದೆ ಬತ್ತ ಬಂದಿತು; ಬತ್ತದ ಹಿಂದೆ ಇಲಿ ಬಂದಿತು, ನೀರಿನಲ್ಲಿ ಕಪ್ಪೆ ಬಂದಿತು; ಇವೆರಡರ ಹಿಂದೆ ಹಾವು ಬಂದಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಾವು ಉಣ್ಣುವ ಕಾಳನ್ನು ಇಲಿ ಉಣ್ಣುವುದು. ಆ ಇಲಿಯನ್ನು ಹಾವು ಉಣ್ಣುವುದು. ಹಾವಿಗೆ ಮನುಷ್ಯನಲ್ಲಿ ಯಾವ ಕೆಲಸವೂ ಇಲ್ಲ. ಅದು ನಮ್ಮ ಮನೆಗೆ ಬರುವುದು ನಮ್ಮನ್ನು ಹುಡುಕಿಕೊಂಡಲ್ಲ. ನಾವು ಸಾಕದೆಯೇ ಸಾಕಿರುವ ಇಲಿಗಳನ್ನು ಹುಡುಕಿಕೊಂಡು.

ಭರತಖಂಡದಲ್ಲಿ ಸುಮಾರು 300 ಬಗೆಯ ಹಾವುಗಳಿವೆ. ಅವುಗಳಲ್ಲಿ ವಿಷವುಳ್ಳವು ಸುಮಾರು 60. ನಮ್ಮಂಥ ಬಯಲುಸೀಮೆಯಲ್ಲಿ ಮನುಷ್ಯರ ಪ್ರಾಣಕ್ಕೆ ಎರವಾಗುವ ಹಾವುಗಳು ಮುಖ್ಯವಾಗಿ ನಾಲ್ಕು. ಹೆಡೆಯೆತ್ತಿ ಎಚ್ಚರಿಸುವ ನಾಗರಹಾವು ಎಲ್ಲರಿಗೂ ಗೊತ್ತು. ಎರಡನೆಯದು ಕೊಳಕುಮಂಡಲ; ದಪ್ಪನೆಯ ಮೈ, ಬೆನ್ನಿನ ಮೇಲೆ ಸರಪಣಿಯಂತೆ ಸಾಲಾದ ಕಂದು ಮಚ್ಚೆಗಳು, ಕುಕ್ಕರಿನ ಸೀಟಿಯನ್ನು ನೆನಪಿಗೆ ತರುವಂಥ ಬುಸುಗುಟ್ಟುವಿಕೆ. ಮೂರನೆಯದು ಗರಗಸ ಮಂಡಲ. ಗೇಣಿಗಿಂತ ಸ್ವಲ್ಪ ಉದ್ದವಿರುವ ಈ ಪುಟ್ಟ ಹಾವು ಒಣನೆಲದ ಕಲ್ಲುಗಳ ಅಡಿಯಲ್ಲಿ ವಾಸಿಸುವುದು. ಮೈಯನ್ನು ಸುರುಳಿ ಸುತ್ತಿಕೊಂಡು ಹುರುಪೆಗಳನ್ನು ತಿಕ್ಕಿ ಗರಗಸ ಎಳೆದಂಥ ಸದ್ದು ಮಾಡುವುದರಿಂದ ಅದಕ್ಕೆ ಆ ಹೆಸರು. ನಾಲ್ಕನೆಯದು ಕಟ್ಟುಹಾವು, ಕಡಂಬಳವೆಂದೂ ಕರೆಯುವರು. ಮಿರುಗುವ ಕಪ್ಪುಮೈಯ ಮೇಲೆ ಬಿಳಿಯ ತೆಳುಪಟ್ಟೆಗಳು. ಹಗಲಿನಲ್ಲಿ ಬಹಳ ಸಾಧುವಾಗಿರುವ ಇದು ಇರುಳಿನಲ್ಲಿ ಸಂಚರಿಸಿ, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುವುದುಂಟು.

ಈ ನಾಲ್ಕನ್ನು ಬಿಟ್ಟರೆ ನಮ್ಮ ಹೊಲಮನೆಗಳಲ್ಲಿ ಹೆಚ್ಚಾಗಿ ಕಾಣುವವು ಕೇರೆ, ನೀರುಹಾವು, ಮಣ್ಣುಮುಕ್ಕ ಮುಂತಾದ ನಿರಪಾಯಕಾರಿಗಳು. ಕೇರೆಯಂತೂ ರೈತನ ಸಂಬಳವಿಲ್ಲದ ಕಾವಲುಗಾರ. ಆದರೂ ಇಲ್ಲೊಂದು ಎಚ್ಚರಿಕೆ ಅವಶ್ಯಕ. ಮನೆಗಳಲ್ಲಿ ಕಾಣುವ ವಿಷವಿಲ್ಲದ ತೋಳಹಾವಿಗೂ ಕಟ್ಟುಹಾವಿಗೂ ಮೇಲುನೋಟಕ್ಕೆ ಬಹಳ ಹೋಲಿಕೆಯುಂಟು. ಪಳಗಿದ ಕಣ್ಣೂ ಮೋಸಹೋಗುವುದು. ಆದುದರಿಂದ ಗುರುತು ಹಿಡಿಯುವ ಪಾಂಡಿತ್ಯವನ್ನು ಎರಡು ಅಡಿಯ ದೂರದಲ್ಲಿ ಪ್ರದರ್ಶಿಸುವುದು ಬೇಡ. ಗುರುತು ತಿಳಿಯದ ಪ್ರತಿಯೊಂದು ಹಾವನ್ನೂ ವಿಷದ ಹಾವೆಂದೇ ಭಾವಿಸಿ ದೂರವಿರುವುದು ಜಾಣತನ.

ಹಾವು ಕಂಡೊಡನೆ ನಮ್ಮಲ್ಲಿ ಸಾಧಾರಣವಾಗಿ ನಡೆಯುವುದೇನು? ಒಬ್ಬರು ಚೀರುವರು, ನೆರೆಹೊರೆಯವರೆಲ್ಲ ಬಾಗಿಲಿಗೆ ಮುತ್ತುವರು, ಒಬ್ಬ ಬಡಿಗೆ ತರುವನು, ಒಬ್ಬ ಕಲ್ಲು ಎತ್ತುವನು, ಇನ್ನೊಬ್ಬ ಫೋಟೋ ತೆಗೆಯಲು ಮುಂದೆ ಬಗ್ಗುವನು. ಹೊರಹೋಗಲು ಇದ್ದ ಒಂದೇ ದಾರಿಯನ್ನು ಜನರು ಮುಚ್ಚಿದಮೇಲೆ ಹಾವು ಪೆಟ್ಟಿಗೆಯ ಹಿಂದಕ್ಕೋ ಒಲೆಯ ಮೂಲೆಗೋ ಸೇರುವುದು. ಅಲ್ಲಿಂದ ಮುಂದೆ ಅದು ಮಾಡುವುದೆಲ್ಲ ಪ್ರಾಣಭಯದಿಂದ. ಓಡಿಹೋಗುವ ಹಾವನ್ನು ನಿಂತು ಹೋರಾಡುವ ಹಾವನ್ನಾಗಿ ಮಾಡುವವರು ನಾವೇ. ಹೊಡೆಯಲು ಹೋಗಿ ಕಚ್ಚಿಸಿಕೊಂಡವರು ಪ್ರತಿ ಊರಿನಲ್ಲಿಯೂ ಇರುವರು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನಿಂತಲ್ಲೇ ನಿಂತು, ಮೆಲ್ಲನೆ ಹಿಂದೆ ಸರಿಯಬೇಕು. ಹಾವು ತನ್ನ ಮೈಯುದ್ದದ ಅರ್ಧದಷ್ಟು ದೂರಕ್ಕೆ ಮಾತ್ರ ಸಾಮಾನ್ಯವಾಗಿ ಎರಗಬಲ್ಲದು. ಎರಡು ಮಾರು ದೂರದಲ್ಲಿ ನಿಂತವನಿಗೆ ಅದರಿಂದ ಭಯವಿಲ್ಲ. ಎರಡನೆಯದಾಗಿ, ಮಕ್ಕಳನ್ನೂ ವೃದ್ಧರನ್ನೂ ನಾಯಿ, ದನಕರುಗಳನ್ನೂ ಅಲ್ಲಿಂದ ಬೇರೆಡೆಗೆ ಸಾಗಿಸಬೇಕು. ಮೂರನೆಯದಾಗಿ, ಒಬ್ಬರು ಮಾತ್ರ ದೂರದಿಂದ ಹಾವಿನ ಮೇಲೆ ಕಣ್ಣಿಟ್ಟಿರಬೇಕು. ಇದು ಬಹಳ ಮುಖ್ಯ. ಕಾಣುತ್ತಿರುವ ಹಾವಿಗಿಂತ ಕಾಣದೆಹೋದ ಹಾವು ಹೆಚ್ಚಿನ ಅಪಾಯದ್ದು. ನಾಲ್ಕನೆಯದಾಗಿ, ಅಂಗಳದಲ್ಲೋ ಹಿತ್ತಲಲ್ಲೋ ಇದ್ದರೆ ಹೋಗಲು ದಾರಿ ಬಿಟ್ಟು ಸುಮ್ಮನಿರಬೇಕು. ಬಹುಮಟ್ಟಿಗೆ ತಾನಾಗಿಯೇ ಹೊರಟುಹೋಗುವುದು. ಕೋಣೆಯೊಳಗೆ ಇದ್ದರೆ, ಒಳಬಾಗಿಲನ್ನು ಮುಚ್ಚಿ, ಬಾಗಿಲ ಕೆಳಗಣ ಸಂದಿಗೆ ಹೊರಗಿನಿಂದ ಗೋಣಿಚೀಲವನ್ನು ತುರುಕಿ, ಅರಣ್ಯ ಇಲಾಖೆಯ ಕಚೇರಿಗೆ, ಇಲ್ಲವೆ ಪಳಗಿದ ಹಾವು ಹಿಡಿಯುವವರಿಗೆ ಹೇಳಿಕಳುಹಿಸಬೇಕು. ಯಾರನ್ನು ಕರೆಯಬೇಕೆಂದು ತೋಚದಿದ್ದರೆ 112 ಎಂಬ ತುರ್ತುಸಂಖ್ಯೆ ಇದ್ದೇ ಇದೆ.

ಮಾಡಬಾರದವೂ ಕೆಲವುಂಟು. ಸೀಮೆಎಣ್ಣೆ, ಫಿನೈಲು, ಕುದಿವ ನೀರು ಇವುಗಳನ್ನು ಸುರಿಯಬಾರದು. ಮೆಣಸಿನಕಾಯಿಯ ಹೊಗೆ ಹಾಕಬಾರದು. ನೊಂದ ಹಾವು ಎತ್ತ ನುಗ್ಗುವುದೆಂದು ಯಾರೂ ಹೇಳಲಾರರು. ಸತ್ತಂತೆ ಬಿದ್ದಿರುವ ಹಾವನ್ನು ಕೈಯಿಂದ ಎತ್ತಬಾರದು. ಕತ್ತರಿಸಿದ ತಲೆಯೂ ಕೆಲವು ಹೊತ್ತು ಕಚ್ಚಬಲ್ಲದು. ಹಾವು ಹಿಡಿಯಲು ಬಂದವನು ಕೊಕ್ಕೆ ಮತ್ತು ಚೀಲಗಳನ್ನು ಉಪಯೋಗಿಸಿ ಸದ್ದಿಲ್ಲದೆ ಕೆಲಸ ಮುಗಿಸಿದರೆ ಅವನು ಬಲ್ಲವನು. ಹೆಡೆಗೆ ಮುತ್ತಿಡುವ, ಕೊರಳಿಗೆ ಸುತ್ತಿಕೊಳ್ಳುವ ಸಾಹಸಕ್ಕೆ ನಾವು ಚಪ್ಪಾಳೆ ತಟ್ಟಬಾರದು. ಆ ಚಪ್ಪಾಳೆ ಅನೇಕ ತರುಣರನ್ನು ಮರಣದ ಬಾಗಿಲಿಗೆ ಒಯ್ದಿದೆ.

ಕೊಂದುಬಿಟ್ಟರೆ ಪೀಡೆ ತೊಲಗುವುದಿಲ್ಲವೆ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಕಳೆದುದರ ಹಿಂದಿನ ಶತಮಾನದಲ್ಲಿ ಆಂಗ್ಲ ಸರ್ಕಾರವು ಸತ್ತ ಹಾವಿಗೆ ಇಷ್ಟೆಂದು ಬಹುಮಾನ ಕೊಡುತ್ತಿದ್ದಿತು. 1880ರ ದಶಕದಲ್ಲಿ ವರ್ಷವೊಂದಕ್ಕೆ ಲಕ್ಷಗಟ್ಟಲೆ ಹಾವುಗಳು ಸತ್ತುವು; ಆದರೆ ಹಾವು ಕಚ್ಚಿ ಸಾಯುವವರ ಲೆಕ್ಕ ಮಾತ್ರ ವರ್ಷಕ್ಕೆ ಸುಮಾರು 20,000ದ ಆಸುಪಾಸಿನಲ್ಲಿಯೇ ನಿಂತಿತು. ಒಂದು ಹಾವು ಹೋದ ಬಿಲಕ್ಕೆ, ಇಲಿಗಳಿರುವತನಕ, ಇನ್ನೊಂದು ಬರುವುದು. ಮೇಲಾಗಿ ನಮ್ಮ ದೇಶದ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಾವುಗಳಿಗೂ ರಕ್ಷಣೆಯನ್ನು ಕೊಟ್ಟಿದೆ. ಅವನ್ನು ಕೊಲ್ಲುವುದೂ ಹಿಡಿದು ಆಡಿಸುವುದೂ ಅಪರಾಧ.

ಇಲ್ಲಿ ನಮ್ಮ ಸೀಮೆಗೇ ಸಂಬಂಧಿಸಿದ ಒಂದು ಹಳೆಯ ನೆನಪನ್ನು ಹೇಳಬಹುದು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ದೊರೆತ ಶಾಸನದಲ್ಲಿ ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರೂ ಇದ್ದುದರಿಂದ ಆ ಊರು ಲೋಕಪ್ರಸಿದ್ಧವಾಯಿತು. ಅದೇ ಚಕ್ರವರ್ತಿಯು ಉತ್ತರದೇಶದಲ್ಲಿ ನಿಲ್ಲಿಸಿದ ಕಂಬಗಳ ಐದನೆಯ ಶಾಸನದಲ್ಲಿ, ಜೀವಿಗಳು ಅಡಗಿರುವ ಹೊಟ್ಟಿಗೆ ಬೆಂಕಿ ಇಡಕೂಡದೆಂಬ ಆಜ್ಞೆಯುಂಟು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಮಾತು ಇಂದಿನ ಗದ್ದೆಗೂ ಸಲ್ಲುವುದು. ಕೊಯ್ಲಾದ ಬತ್ತದ ಕೂಳೆಗೆ ಬೆಂಕಿ ಹಚ್ಚಿದಾಗ ಅಲ್ಲಿದ್ದ ಹಾವುಗಳಲ್ಲಿ ಕೆಲವು ಸುಡುವುವು. ಉಳಿದವು ನೆಲೆತಪ್ಪಿ ಬದುವಿನ ಕಡೆಗೆ, ಮನೆಗಳ ಕಡೆಗೆ ಸರಿಯುವುವು. ದಯೆಯೂ ವಿವೇಕವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ.

ಈಗ ಮನೆಯ ವಿಚಾರ. ಹಾವು ಹೊರಹೋದಮೇಲೆ ನಾವು ನಿಟ್ಟುಸಿರುಬಿಟ್ಟು ಕುಳಿತುಬಿಡುವೆವು. ಆದರೆ ಹಾವು ಹೊರಗೆ ಹೋಯಿತು, ಇಲಿ ಒಳಗೇ ಇದೆ! ನಿಜವಾದ ಕೆಲಸ ಅಲ್ಲಿಂದಲೇ ಆರಂಭವಾಗಬೇಕು. ಕಾಳಿನ ಚೀಲಗಳನ್ನು ನೆಲದಿಂದ ಎತ್ತರಿಸಿ ಹಲಗೆಯ ಮೇಲಿಡಬೇಕು. ಗೋಡೆಯ ಬಿರುಕುಗಳಿಗೆ ಗಾರೆ ಮೆತ್ತಬೇಕು. ಬಚ್ಚಲ ಕಂಡಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಯಬೇಕು. ಕಟ್ಟಿಗೆ, ಕುಳ್ಳು, ಕಣಕಿಯ ಬಣವೆ ಇವು ಗೋಡೆಗೆ ಆತುಕೊಂಡಿರದೆ ಮನೆಯಿಂದ ದೂರವಿರಬೇಕು. ಮುರಿದ ಹಂಚು, ಉಳಿದ ಇಟ್ಟಿಗೆ, ಹಳೆಯ ಕಲ್ಲುಚಪ್ಪಡಿಗಳ ಗುಡ್ಡೆ ನಮ್ಮ ಕಣ್ಣಿಗೆ ಕಸ. ಹಾವಿನ ಕಣ್ಣಿಗೆ ಅರಮನೆ. ಅನ್ನದ ಅಗಳನ್ನು ಅಂಗಳಕ್ಕೆ ಚೆಲ್ಲುವ ಮನೆಗೆ ರಾತ್ರಿ ಇಲಿ ಅತಿಥಿ. ಇಲಿಯ ಹಿಂದೆ ಬರುವ ಅತಿಥಿ ಯಾರೆಂದು ಮತ್ತೆ ಹೇಳಬೇಕಾಗಿಲ್ಲ.

ಮಲಗುವ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸೆಕೆಗಾಲದಲ್ಲಿಯೂ ಮಳೆಗಾಲದಲ್ಲಿಯೂ ನೆಲದ ಮೇಲೆ ಚಾಪೆ ಹಾಸಿ ಮಲಗುವುದು ನಮ್ಮಲ್ಲಿ ರೂಢಿ. ಕಟ್ಟುಹಾವು ಕಚ್ಚುವುದು ಬಹುತೇಕ ಹೀಗೆ ಮಲಗಿದವರನ್ನೇ. ಅದರ ಹಲ್ಲು ಚಿಕ್ಕದು. ಗಾಯ ಕಾಣಿಸದು, ನೋವೂ ಅಷ್ಟಾಗಿ ತಿಳಿಯದು. ಬೆಳಗಿನ ಜಾವದಲ್ಲಿ ಹೊಟ್ಟೆನೋವೆಂದು ಎದ್ದವನಿಗೆ ಮನೆಯವರು ಓಂಕಾಳಿನ ಕಷಾಯ ಕೊಡುತ್ತಿರುವಾಗಲೇ ಅವನ ರೆಪ್ಪೆಗಳು ಜೋತುಬೀಳುವುವು, ಮಾತು ತೊದಲುವುದು, ಉಸಿರು ಕಟ್ಟುವುದು. ಆದುದರಿಂದ ಮಂಚವಿದ್ದರೆ ಮಂಚದ ಮೇಲೆ ಮಲಗಬೇಕು. ಮಂಚವಿಲ್ಲದವರೂ ಸೊಳ್ಳೆಪರದೆಯನ್ನು ಕಟ್ಟಿ ಅದರ ಅಂಚನ್ನು ಹಾಸಿಗೆಯಡಿಗೆ ಸುತ್ತಲೂ ಸಿಕ್ಕಿಸಬಹುದು. ಸೊಳ್ಳೆಯನ್ನೂ ಹಾವನ್ನೂ ಒಮ್ಮೆಗೇ ತಡೆಯುವ ಇಷ್ಟು ಅಗ್ಗದ ಕೋಟೆ ಮತ್ತೊಂದಿಲ್ಲ. ಇರುಳಲ್ಲಿ ಎದ್ದರೆ ಕೈದೀಪ ಕೈಯಲ್ಲಿರಲಿ. ಕಾಲಿಟ್ಟಮೇಲೆ ದೀಪ ಹಾಕುವುದರಿಂದ ಫಲವಿಲ್ಲ.

ದುಡಿಯುವ ಸ್ಥಳಗಳಲ್ಲಿಯೂ ಇದೇ ನೀತಿ. ಕಳೆ ತೆಗೆಯುವಾಗ, ಹುಲ್ಲು ಕೊಯ್ಯುವಾಗ ಕೈ ಹೋಗುವ ಮುಂಚೆ ಒಂದು ಕೋಲು ಹೋಗಲಿ. ಪಾದವನ್ನೂ ಹಿಮ್ಮಡಿಗಂಟನ್ನೂ ಮುಚ್ಚುವ ಬೂಟು ತೊಡಬೇಕು. ಕಡಿತಗಳಲ್ಲಿ ಬಹುಪಾಲು ಕಾಲಿಗೇ ಆಗುವುದರಿಂದ ಇದೊಂದೇ ದೊಡ್ಡ ರಕ್ಷೆ. ಹೊಲದ ಪಂಪುಸೆಟ್ಟಿನ ಪೆಟ್ಟಿಗೆಯನ್ನು ತೆರೆಯುವುದಕ್ಕೆ ಮೊದಲು ಕೋಲಿನಿಂದ ತಟ್ಟಿ, ದೀಪ ಬಿಟ್ಟು ನೋಡಬೇಕು. ಬೆಚ್ಚಗಿನ ಆ ಗೂಡು ಹಾವಿಗೂ ಇಷ್ಟ, ಹಲ್ಲಿಗೂ ಇಷ್ಟ. ಅಕ್ಕಿಗಿರಣಿ, ಹತ್ತಿಯ ಗಿರಣಿ, ಗೊಬ್ಬರದ ಗೋದಾಮುಗಳಲ್ಲಿ ಚೀಲದ ಒಟ್ಟಿಗೂ ಗೋಡೆಗೂ ನಡುವೆ ಮನುಷ್ಯ ಓಡಾಡುವಷ್ಟು ಜಾಗ ಬಿಡಬೇಕು. ಚೀಲವನ್ನು ಎತ್ತುವವನಿಗೆ ಅದರ ಹಿಂಬದಿ ಕಾಣಬೇಕು. ಬೇಸಗೆಯ ರಜೆ ಮುಗಿದು ಶಾಲೆ ತೆರೆಯುವ ದಿನ, ಮಕ್ಕಳು ಒಳಗೆ ಕಾಲಿಡುವ ಮೊದಲು ದೊಡ್ಡವರು ಕೊಠಡಿಗಳನ್ನು ತೆರೆದು, ಬೆಂಚುಗಳನ್ನು ಸರಿಸಿ ನೋಡಬೇಕು. ಕೆಲಸಮಾಡುವ ಪ್ರತಿಯೊಂದು ಸ್ಥಳದಲ್ಲಿಯೂ, ಹಾವು ಕಂಡರೆ ಯಾರಿಗೆ ತಿಳಿಸಬೇಕು, ಕಚ್ಚಿದರೆ ಯಾವ ವಾಹನದಲ್ಲಿ ಯಾವ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿಡುವುದು ಯಜಮಾನನ ಧರ್ಮ.

ಇಷ್ಟೆಲ್ಲ ಎಚ್ಚರಿದ್ದರೂ ಕಚ್ಚಿತೆಂದು ಇಟ್ಟುಕೊಳ್ಳೋಣ. ಆಗ ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ ಮಲಗಿಸಬೇಕು, ನಡೆಸಬಾರದು, ಓಡಿಸಬಾರದು. ಉಂಗುರ, ಬಳೆ, ಕಾಲುಂಗುರ, ಬಿಗಿಯಾದ ಉಡುಪುಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಮುರಿದ ಎಲುಬಿಗೆ ಮಾಡುವಂತೆ ಕೈಕಾಲಿಗೆ ಹಲಗೆಯ ಆಸರೆ ಕೊಟ್ಟು ಅಲುಗಾಡದಂತೆ ಇರಿಸಬೇಕು. ಬಳಿಕ 108ರ ವಾಹನವನ್ನೋ ಬೇರೆ ಯಾವುದಾದರೂ ವಾಹನವನ್ನೋ ತರಿಸಿ ಆಸ್ಪತ್ರೆಗೆ ಸಾಗಿಸಬೇಕು. ಹಗ್ಗದಿಂದ ಬಿಗಿಯಾಗಿ ಕಟ್ಟಬಾರದು; ರಕ್ತಸಂಚಾರ ನಿಂತು ಕೈಕಾಲು ಕೊಳೆಯುವುದುಂಟು. ಗಾಯವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬೇರು ಸೊಪ್ಪುಗಳನ್ನು ಮೆತ್ತಬಾರದು. ಕಚ್ಚಿದ ಹಾವನ್ನು ಹಿಡಿದು ತರಬೇಕೆಂದು ಹೊತ್ತುಕಳೆಯಬಾರದು. ನಮ್ಮ ದೇಶದಲ್ಲಿ ತಯಾರಾಗುವ ವಿಷನಿರೋಧಕ ಔಷಧವು ಮೇಲೆ ಹೇಳಿದ ನಾಲ್ಕು ಹಾವುಗಳ ವಿಷಕ್ಕೂ ಒಂದೇ.

ಈ ಔಷಧದ ಕಥೆ ಸ್ವಾರಸ್ಯವಾದುದು. ಪ್ರಾಣಿಗೆ ಸ್ವಲ್ಪ ಸ್ವಲ್ಪವಾಗಿ ವಿಷವನ್ನು ಚುಚ್ಚಿದರೆ ಅದರ ರಕ್ತದಲ್ಲಿ ಆ ವಿಷಕ್ಕೆ ಎದುರಾದ ಸತ್ತ್ವ ಉಂಟಾಗುವುದೆಂದು ಫ್ರಾನ್ಸ್ ದೇಶದ ಕಾಲ್ಮೆಟ್ ಎಂಬ ಪಂಡಿತನೇ ಮೊದಲಾದವರು 1890ರ ದಶಕದಲ್ಲಿ ತೋರಿಸಿದರು. ಇಂದಿಗೂ ಕುದುರೆಗಳ ರಕ್ತದಿಂದಲೇ ಈ ಔಷಧವನ್ನು ತೆಗೆಯುವರು. ಅದಕ್ಕೆ ಬೇಕಾದ ವಿಷದ ಬಹುಭಾಗವನ್ನು ತಮಿಳುನಾಡಿನ ಇರುಳರು 1978ರಲ್ಲಿ ಸ್ಥಾಪಿಸಿಕೊಂಡ ಸಹಕಾರ ಸಂಘವು ಒದಗಿಸುತ್ತ ಬಂದಿದೆ. ಚರ್ಮದ ವ್ಯಾಪಾರಕ್ಕಾಗಿ ಹಾವುಗಳನ್ನು ಹಿಡಿಯುತ್ತಿದ್ದ ಆ ಜನರೇ ಈಗ ಹಾವನ್ನು ಕೊಲ್ಲದೆ, ವಿಷ ತೆಗೆದು ಮರಳಿ ಬಿಟ್ಟು, ಲಕ್ಷಾಂತರ ಪ್ರಾಣಗಳಿಗೆ ಆಸರೆಯಾಗಿರುವರು.

ಆದರೆ ಔಷಧವಿದ್ದರೆ ಸಾಲದು. ಅದು ಕಾಲಕ್ಕೆ ದೊರೆಯಬೇಕು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಜನರು, ಹಾವಿನ ಕಡಿತದಿಂದ ಮಡಿದರೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಹಳ್ಳಿಗರು. ಲಿಂಗಸುಗೂರಿನಿಂದ ಜಿಲ್ಲಾಕೇಂದ್ರವಾದ ರಾಯಚೂರಿಗೆ ಸುಮಾರು 90 ಕಿಲೋಮೀಟರು. ಮಂತ್ರ ಹಾಕಿಸುವುದರಲ್ಲಿ ಎರಡು ಗಂಟೆ ಕಳೆದು, ಅನಂತರ ಆ ದಾರಿ ಹಿಡಿದವನ ಗತಿಯನ್ನು ಯೋಚಿಸಿ. ಆದುದರಿಂದ ವಿಷನಿರೋಧಕ ಔಷಧವು ತಮಗೆ ಅತಿ ಸಮೀಪದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ದೊರೆಯುವುದೆಂದು ಪ್ರತಿಯೊಂದು ಹಳ್ಳಿಯವರೂ ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ ತಿಳಿದಿರಬೇಕು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ವ್ಯಾಧಿಗಳ ಸಾಲಿಗೆ ಸೇರಿಸಿತು. ಲೆಕ್ಕ ಸಿಕ್ಕಿದರೆ ತಾನೆ ಎಲ್ಲಿ ಎಷ್ಟು ಔಷಧವಿರಬೇಕೆಂದು ತಿಳಿಯುವುದು? ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಸತ್ತವನು ಆ ಲೆಕ್ಕಕ್ಕೂ ಸಿಗುವುದಿಲ್ಲ.

ಮಂತ್ರದಿಂದ ಬದುಕಿದವರನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವ ಹಿರಿಯರುಂಟು. ಅವರ ಮಾತು ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಕಚ್ಚುವ ಹಾವುಗಳಲ್ಲಿ ಅನೇಕವು ವಿಷವಿಲ್ಲದವು. ವಿಷದ ಹಾವೂ ಕೆಲವು ಸಲ ವಿಷವಿಳಿಸದೆ ಬರಿದೆ ಕಚ್ಚುವುದು. ಹಾಗೆ ಬದುಕುವವನು ಮಂತ್ರವಿಲ್ಲದಿದ್ದರೂ ಬದುಕುತ್ತಿದ್ದನು. ವಿಷ ಏರಿದವನಿಗೆ ಆಸ್ಪತ್ರೆಯೇ ಗತಿ. ಇವನು ಯಾವ ಬಗೆಯವನೆಂದು ಮೊದಲ ಗಳಿಗೆಯಲ್ಲಿ ಯಾರಿಗೂ ತಿಳಿಯದು. ದೇವರ ಹೆಸರನ್ನು ವಾಹನದಲ್ಲಿ ಕುಳಿತೂ ಹೇಳಬಹುದಲ್ಲವೇ?

ಶ್ರಾವಣದಲ್ಲಿ ಪಂಚಮಿ ಬರುವುದು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕುವರು. ಮನೆಮನೆಯಲ್ಲಿ ಅಳ್ಳು, ಶೇಂಗಾದ ಉಂಡಿ, ಎಳ್ಳಿನ ಉಂಡಿ. ನಾಗಪ್ಪನಿಗೆ ಹಾಲೆರೆದು ಬರುವರು. ಹಾವಿನಿಂದಾಗುವ ಸಾವುಗಳಲ್ಲಿ ಸುಮಾರು ಅರ್ಧದಷ್ಟು ಜೂನಿನಿಂದ ಸೆಪ್ಟೆಂಬರಿನವರೆಗಿನ ಇದೇ ತಿಂಗಳುಗಳಲ್ಲಿ ಆಗುವುದೆಂಬುದನ್ನು ನೆನೆದರೆ, ಮುಂಗಾರಿನ ನಡುವೆ ಈ ಹಬ್ಬವನ್ನಿಟ್ಟ ಹಿರಿಯರು ಹಾವನ್ನು ಮರೆಯಬೇಡಿರೆಂದು ಹೇಳಿದಂತೆಯೇ ತೋರುವುದು. ಆ ದಿನ ನೆಲ ಅಗೆಯಬಾರದೆಂಬ ನೇಮವೂ ಹಲವೆಡೆ ಉಂಟು. ಹಾವು ಹಾಲನ್ನು ಬಯಸುವ ಪ್ರಾಣಿಯಲ್ಲ. ಅದು ಬಯಸುವುದು ಅದರ ಪಾಡಿಗೆ ಬಿಡುವುದನ್ನು. ಕಲ್ಲಿನ ನಾಗರಕ್ಕೆ ಕೈಮುಗಿದು ದಿಟದ ನಾಗರಕ್ಕೆ ಬಡಿಗೆ ಎತ್ತುವ ನಮ್ಮ ಇಬ್ಬಗೆಯನ್ನು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಕಂಡು ಹೇಳಿದ್ದರು. ಆ ಮಾತಿಗೆ ಇಂದಾದರೂ ನಾವು ಉತ್ತರ ಕೊಡಬೇಡವೆ?

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಮ್ಮ ಜನರು ಹೇಳುವರು. ಅದಕ್ಕೆ ಇನ್ನೊಂದನ್ನು ಸೇರಿಸೋಣ: ಮನೆಯ ಮಗುವೂ ಸಾಯಬಾರದು. ಈ ಸಂಜೆ ದೀಪ ಹಚ್ಚಿದಮೇಲೆ ಒಮ್ಮೆ ಎದ್ದು, ಆ ಬೆಳಕನ್ನು ಹಿತ್ತಲಿನ ಕಟ್ಟಿಗೆಯ ರಾಶಿಯ ಕಡೆಗೆ, ಬಚ್ಚಲ ಕಂಡಿಯ ಕಡೆಗೆ, ಮಕ್ಕಳು ಮಲಗುವ ಮೂಲೆಯ ಕಡೆಗೆ ತಿರುಗಿಸಿ ನೋಡಿ. ಹಗ್ಗವಾದರೆ ಎತ್ತಿಡಿ, ಹಾವಾದರೆ ಎರಡು ಮಾರು ಹಿಂದೆ ಸರಿಯಿರಿ.